ಹೆದರುವ ಕಣ್ಣು

ಬೆಳಗಿನ ಐದು ಗಂಟೆಗೆ ಇನ್ನೂ ಕೆಲವು ನಿಮಿಷಗಳಿವೆ. ಉದ್ದನೆಯ ಕೋಣೆಯ ಬಾಗಿಲ ಪಕ್ಕದಲ್ಲಿ, ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು, ಒಕ್ಕಣ್ಣಕ್ಕ ಕತ್ತಲಲ್ಲೇ ನಿಂತಿದ್ದಾರೆ. ಒತ್ತುವ ಮೊದಲು ಕಿವಿಗೊಡುತ್ತಾರೆ. ತಟ್ಟೆಗಳ ಮೇಲೆ ಒಂದೇ ಪದರವಾಗಿ ಹರಡಿದ ಆರುನೂರು ರೇಷ್ಮೆಗೂಡುಗಳೊಳಗಿನಿಂದ, ಕಾಗದವನ್ನು ಯಾರೋ ಮೆಲ್ಲನೆ ಮುದುರುತ್ತಿರುವಂಥ ಸದ್ದು ಕೇಳಿಬರುತ್ತಿದೆ. ಒಳಗಿನ ಚಿಟ್ಟೆಗಳು ಎಂಜಲಿನಿಂದ ಗೂಡಿನ ತುದಿಯನ್ನು ನೆನೆಸಿ, ತಲೆಯಿಂದ ನೂಕುತ್ತ, ಬೆಳಕಿಗಾಗಿ ಕಾಯುತ್ತಿವೆ.

"ಸದ್ದು ಗರಿಗರಿಯಾಗಿದ್ರೆ ಅರ್ಧ ಭಯ ಇಳಿಯುತ್ತೆ," ಎನ್ನುತ್ತಾರೆ ಅವರು, ಮೂಗಿಗೆ ಕಟ್ಟಿಕೊಂಡ ಬಟ್ಟೆಯ ಒಳಗಿನಿಂದ. "ಇನ್ನರ್ಧ ಭಯ ಒಂಬತ್ತು ಗಂಟೆವರೆಗೂ ಹೊಟ್ಟೆಯಲ್ಲೇ ಕೂತಿರುತ್ತೆ. ಮೂವತ್ತೆಂಟು ವರ್ಷದಿಂದ ಅದು ಎದ್ದು ಹೋಗಿಲ್ಲ."

ದೀಪ ಹತ್ತುತ್ತದೆ. ಗೂಡುಗಳು ಒಂದೊಂದಾಗಿ ತೂತಾಗುತ್ತವೆ. ಹಸಿ ಮೈಯ ಬಿಳಿ ಚಿಟ್ಟೆಗಳು ಹೊರಗೆ ಬಂದು, ಮುದುಡಿದ ರೆಕ್ಕೆಯನ್ನು ಬಿಡಿಸಿಕೊಂಡು, ಹಾರಲಾರದೆ ಪಟಪಟಿಸುತ್ತವೆ. ಅವುಗಳ ರೆಕ್ಕೆಯ ಪುಡಿ ಮಂಜಿನಂತೆ ಎದ್ದು ಗಂಟಲಿಗಿಳಿಯುತ್ತದೆ. ಈ ಕೋಣೆಯಲ್ಲಿ ದುಡಿದವರಿಗೆಲ್ಲ ಒಂದೇ ಬಗೆಯ ಕೆಮ್ಮು ಇದೆ. ಪೇಟೆಯ ಗದ್ದಲದಲ್ಲೂ ಅವರು ಅದರಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಾರಂತೆ.

ಇದು ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರ. ಗೂಡು ಬೆಳೆಯುವ ಮನೆಗಳಿಗೆ ಮೊಟ್ಟೆ ಹೋಗುವುದು ಇಲ್ಲಿಂದಲೇ. ಗಂಡು ಹೆಣ್ಣು ಚಿಟ್ಟೆಗಳನ್ನು ನಾಲ್ಕು ಗಂಟೆ ಕೂಡಿಸಿ, ಆಮೇಲೆ ಬೇರ್ಪಡಿಸಿ, ಒಂದೊಂದು ಹೆಣ್ಣನ್ನೂ ಒಂದೊಂದು ಕಾಗದದ ಹಾಳೆಯ ಮೇಲೆ ಬಟ್ಟಲಿನಡಿ ಕವುಚಿಡುತ್ತಾರೆ. "ನಾಲ್ಕೇ ಗಂಟೆ ಸಂಸಾರ," ಎಂದು ನಗುತ್ತಾಳೆ ಒಕ್ಕಣ್ಣಕ್ಕನ ನಾದಿನಿ. ಕೇಂದ್ರದಲ್ಲಿ ಉಳಿದಿರುವ ಇನ್ನೊಬ್ಬ ಕೆಲಸಗಾರ್ತಿ ಅವಳೇ. "ಜಗಳ ಆಡೋಕೆ ಪುರುಸೊತ್ತೇ ಇಲ್ಲ. ನಮಗೂ ಹಂಗೇ ಇಟ್ಟಿದ್ರೆ ನಮ್ಮಣ್ಣನ ಗೊರಕೆ ಕೇಳೋದು ಅತ್ತಿಗೆಗೆ ತಪ್ತಿತ್ತು."

ರಾತ್ರಿ ಕಳೆಯುವಷ್ಟರಲ್ಲಿ ತಾಯಿಚಿಟ್ಟೆ ಹಾಳೆಯ ಮೇಲೆ ನಾನೂರೈವತ್ತರಷ್ಟು ತತ್ತಿಗಳನ್ನು ಅಂಟಿಸಿರುತ್ತದೆ. ಅಲ್ಲಿಗೆ ಅದರ ಬಾಳು ಮುಗಿದರೂ ಅದರ ಕೆಲಸ ಮುಗಿಯುವುದಿಲ್ಲ. ಹಾಳೆಗೆ ಹಾಕಿದ ಸಂಖ್ಯೆಯನ್ನೇ ತಾಯಿಗೂ ಹಾಕಿ, ನಾದಿನಿ ಅದನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಕ್ಷಾರದ ನೀರಿನೊಂದಿಗೆ ಅರೆಯುತ್ತಾಳೆ. ಆ ರಸದ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಹರಡಿ ಒಕ್ಕಣ್ಣಕ್ಕನ ಸೂಕ್ಷ್ಮದರ್ಶಕದಡಿಗೆ ಬರುತ್ತದೆ. ಉಳಿದ ರಸ ಅದೇ ಸಂಖ್ಯೆಯ ಪುಟ್ಟ ಸೀಸೆಗೆ ಸೇರುತ್ತದೆ. ಆ ಮೊಟ್ಟೆ ಒಡೆದು ಮರಿ ಬಂದ ಸುದ್ದಿ ತಲುಪುವವರೆಗೆ ಸೀಸೆಯನ್ನು ಚೆಲ್ಲುವಂತಿಲ್ಲ. ತಾಯಿಯ ಹೊಟ್ಟೆಯಲ್ಲಿ ರೋಗವಿದ್ದರೆ ತತ್ತಿಯಲ್ಲೂ ಇರುತ್ತದೆ, ಮರಿಯಲ್ಲೂ ಇರುತ್ತದೆ. ಮಕ್ಕಳ ಹಣೆಬರಹವನ್ನು ತಾಯಿಯನ್ನು ಅರೆದು ಓದುವ ಕೆಲಸ ಇದು.

ಒಂದು ಕಣ್ಣು ಮುಚ್ಚಿ, ಒಂದೇ ಕಣ್ಣಿನಿಂದ ಕೊಳವೆಯೊಳಗೆ ಇಣುಕುತ್ತ ಕುಳಿತಿರುವ ಅವರಿಗೆ ಒಕ್ಕಣ್ಣಕ್ಕ ಎಂಬ ಅಡ್ಡಹೆಸರು ಬಿದ್ದದ್ದು ಸೇರಿದ ಮೊದಲ ತಿಂಗಳಲ್ಲೇ. ಇಟ್ಟವರು ಯಾರೆಂಬುದನ್ನು ಈಗ ಯಾರೂ ಹೇಳಲಾರರು. ಮನೆಯವರೂ ಹಾಗೆಯೇ ಕರೆಯುತ್ತಾರೆ.

ಅವರು ಹುಡುಕುವುದು ರೇಷ್ಮೆಯವರು ಗಂಟು ರೋಗವೆನ್ನುವ ಪಿಡುಗಿನ ಕಣವನ್ನು. ಆದರೆ ಈ ಕೋಣೆಯೊಳಗೆ ಯಾರೂ ಆ ಹೆಸರನ್ನು ಉಚ್ಚರಿಸುವುದಿಲ್ಲ. ಹೆಸರು ಕರೆದರೆ ಓಗೊಟ್ಟು ಬರುತ್ತದೆಂಬ ಭಯ ಹಿಂದಿನವರಿಗಿತ್ತು, ಅದು ಇಂದಿನವರಿಗೂ ಬಳುವಳಿಯಾಗಿ ಬಂದಿದೆ. ಹಾಗಾಗಿ ಅದರ ಹೆಸರು 'ನೆಂಟ'. ನಾದಿನಿ ದಿನವೂ ಮೊದಲ ಪಟ್ಟಿಯನ್ನಿಡುವಾಗ "ನೆಂಟರು ಬಂದವ್ರಾ?" ಎಂದು ಕೇಳುತ್ತಾಳೆ. "ಬಾಗಿಲು ಹಾಕಿದೆ," ಎಂದು ಒಕ್ಕಣ್ಣಕ್ಕ ಉತ್ತರಿಸುತ್ತಾರೆ. ಈ ಎರಡು ಮಾತು ಆಗದೆ ಕೆಲಸ ಮುಂದೆ ಸಾಗುವುದಿಲ್ಲ.

ನೆಂಟನ ಕತೆಯೊಂದು ಇಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಒಬ್ಬ ತಾಯಿಯ ಮನೆಗೆ ಸಂಜೆ ಹೊತ್ತು ನೆಂಟನೊಬ್ಬ ಬಂದನಂತೆ. ಉಂಡ, ಮಲಗಿದ, ಬೆಳಗ್ಗೆ ನೋಡಿದರೆ ಇಲ್ಲ. ಹೋದನೆಂದು ತಾಯಿ ಬಾಗಿಲು ಹಾಕಿಕೊಂಡಳು. ಅವನು ಹೋಗಿರಲಿಲ್ಲ, ಅವಳು ಉಂಡ ತುತ್ತಿನೊಳಗೆ ಕುಳಿತು ಅವಳ ಹೊಟ್ಟೆಗಿಳಿದಿದ್ದ. ನೂರು ಮಕ್ಕಳು ಹುಟ್ಟಿದಾಗ ನೂರು ಮಕ್ಕಳ ಮೈಯಲ್ಲೂ ಅವನೇ ಇದ್ದ. ಕತೆಯ ಕೊನೆಯನ್ನು ಎರಡು ಬಗೆಯಲ್ಲಿ ಹೇಳುವುದುಂಟು. ಹಳೆಯ ಕೆಲಸಗಾರ್ತಿಯರು ಹೇಳುತ್ತಿದ್ದ ಬಗೆಯಲ್ಲಿ, ನೆರೆಮನೆಯವಳೊಬ್ಬಳು ಬಾಗಿಲ ಸಂದಿಯಿಂದ ಎಲ್ಲವನ್ನೂ ಕಂಡಿದ್ದು, ಊರಿಗೆ ಕೂಗಿ ಹೇಳಿ ಉಳಿದ ಮನೆಗಳನ್ನು ಕಾಯುತ್ತಾಳೆ. ಒಕ್ಕಣ್ಣಕ್ಕ ಹೇಳುವ ಬಗೆಯಲ್ಲೂ ನೆರೆಯವಳು ಕಂಡಿರುತ್ತಾಳೆ. ಆದರೆ ಕಂಡದ್ದು ನಿಜವೋ ತನ್ನ ಕಣ್ಣ ಭ್ರಮೆಯೋ ಎಂದು ತಿಳಿಯದೆ ಸುಮ್ಮನಾಗಿಬಿಡುತ್ತಾಳೆ. ಕತೆಯನ್ನು ಹೀಗೆ ತಿರುಗಿಸಿದ್ದೇಕೆ ಎಂದು ಕೇಳಿದರೆ ಅವರು ಕುಟ್ಟಾಣಿಯ ಕಡೆ ನೋಡುತ್ತಾರೆ.

ಅವರು ಕೆಲಸಕ್ಕೆ ಸೇರಿದಾಗ ಈ ಕೋಣೆಯಲ್ಲಿ ನಲವತ್ತು ಸೂಕ್ಷ್ಮದರ್ಶಕಗಳಿದ್ದವು, ನಲವತ್ತು ಹೆಂಗಸರಿದ್ದರು. ಬೆಳಗಿನ ಹೊತ್ತು ಗೂಡುಗಳ ಸಂಖ್ಯೆ ಅರವತ್ತು ಸಾವಿರ ದಾಟುತ್ತಿತ್ತು. ಪಟಪಟ ಸದ್ದಿನಲ್ಲಿ ಪಕ್ಕದವಳ ಮಾತು ಕೇಳಿಸುತ್ತಿರಲಿಲ್ಲ. ಈಗ ಮೂರು ಉಪಕರಣಗಳಿವೆ, ಕೆಲಸ ಮಾಡುವುದು ಒಂದೇ. ಗೋಡೆಯುದ್ದಕ್ಕೂ ಹಳೆಯ ಮೇಜುಗಳ ಕಾಲಿನ ಗುರುತು ನೆಲದಲ್ಲಿ ಉಳಿದಿದೆ. ಒಕ್ಕಣ್ಣಕ್ಕ ಆ ಗುರುತುಗಳನ್ನು ತುಳಿಯದೆ ದಾಟುತ್ತಾರೆ, ಅಲ್ಲಿ ಯಾರೋ ಇನ್ನೂ ಕುಳಿತಿದ್ದಾರೆಂಬಂತೆ.

ಕೇಂದ್ರದ ಅಧಿಕಾರಿಯ ಕೋಣೆಯಲ್ಲಿ ಒಂದು ನಕ್ಷೆ ಇದೆ. ನೀಲಿ ಗೆರೆಯೊಂದು ಎಡದಿಂದ ನಿಧಾನವಾಗಿ ಮೇಲೇರಿ, ನಡುವೆ ತುಸು ತಡೆದು, ಬಲಕ್ಕೆ ಜಾರುತ್ತದೆ. ಅದು ನಾಲ್ಕೈದು ದಶಕಗಳಲ್ಲಿ ಈ ಸೀಮೆಯಲ್ಲಿ ಬೆಳೆದ ಗೂಡಿನ ಲೆಕ್ಕ. "ಇದು ನಮ್ಮೊಬ್ಬರದೇ ಗೆರೆ ಅಂದ್ಕೋಬೇಡಿ," ಎನ್ನುತ್ತಾರೆ ಅಧಿಕಾರಿ. "ನಮ್ಮಂಥ ಎಷ್ಟೋ ಬಡದೇಶಗಳಲ್ಲಿ ಇಂಥದೇ ಗೆರೆ. ಲೋಕದ ರೇಷ್ಮೆಯಲ್ಲಿ ಬಹುಪಾಲು ಒಂದೆರಡು ದೊಡ್ಡ ದೇಶಗಳಿಂದ ಬರುತ್ತೆ. ಅಗ್ಗದ ನೂಲು ಬಂತು, ಹೊಲಿಗೆ ಕಾರ್ಖಾನೆ ಬಂತು, ಹಿಪ್ಪುನೇರಳೆ ಸೊಪ್ಪಿನ ಹೊಲದಲ್ಲಿ ಮನೆ ಎದ್ದವು. ಬೆಲೆ ಬಿದ್ರೆ ಜನ ಹೇಗೋ ತಡ್ಕೋತಾರೆ. ಆದ್ರೆ ಒಂದು ಬೆಳೆ ಮನೆಯೊಳಗೇ ಸತ್ತರೆ ಗಿಡ ಕಿತ್ತುಹಾಕ್ತಾರೆ. ಕಿತ್ತೋರು ಮತ್ತೆ ನೆಡಲ್ಲ. ಯಾಕಂದ್ರೆ ಹುಳ ಸಾಕೋದು ಗೊತ್ತಿದ್ದ ಅಜ್ಜಿ ಜೊತೆಗೆ ಆ ಕೈಗೆಲಸವೂ ಮಣ್ಣಿಗೆ ಹೋಗಿರುತ್ತೆ."

ಗೆರೆ ಜಾರಲು ತೊಡಗುವ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲಿದೆ. ನೋಡುವವರಿಗೆ ಅದು ಕೈತಪ್ಪಿ ಎಳೆದಂತೆ ಕಾಣಬಹುದು. ಒಕ್ಕಣ್ಣಕ್ಕ ಆ ಕೋಣೆಗೆ ಹೋದಾಗಲೆಲ್ಲ ನಕ್ಷೆಗೆ ಬೆನ್ನು ಹಾಕಿಯೇ ನಿಲ್ಲುತ್ತಾರೆ. ಆ ಮೆಟ್ಟಿಲು ತಮ್ಮದೆಂದು ಅವರಿಗೆ ಗೊತ್ತು.

ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಮೊಟ್ಟೆ ಒಯ್ಯುವ ವಾಹನ ಬಾಗಿಲಲ್ಲಿ ನಿಂತು ಒಂದೇ ಸಮನೆ ಹಾರ್ನು ಹೊಡೆಯುತ್ತಿತ್ತು. ಒಂದು ಪಟ್ಟಿಯ ಅಂಚಿನಲ್ಲಿ ಏನೋ ಮಿನುಗಿತು. ಕೊಬ್ಬಿನ ಹನಿಯೂ ಹಾಗೆಯೇ ಮಿನುಗುವುದುಂಟು. ಪಟ್ಟಿಯ ಐದು ಕಡೆ ನೋಡಬೇಕೆಂಬುದು ನಿಯಮ, ಐದು ಕಡೆ ನೋಡಿಯಾಗಿತ್ತು. ಒಕ್ಕಣ್ಣಕ್ಕ ಅದನ್ನು ಕೊಬ್ಬೆಂದೇ ಬಗೆದರು. ಆ ಹಾಳೆಯ ಮರಿಗಳು ಇಳಿಜಾರಿನ ಮೇಲಿನ ಹಳ್ಳಿಯೊಂದರಲ್ಲಿ ಎಲ್ಲರ ಮರಿಗಳೊಂದಿಗೆ ಒಂದೇ ತಟ್ಟೆಯಲ್ಲಿ ಬೆಳೆದು, ಆಮೇಲೆ ಹನ್ನೊಂದು ಮನೆಗಳಿಗೆ ಹಂಚಿಹೋದವು. ಗೂಡು ಕಟ್ಟಲು ವಾರವಿರುವಾಗ ಹುಳುಗಳು ಸೊಪ್ಪು ಮುಟ್ಟದಾದವು. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಎದ್ದವು. ಹನ್ನೊಂದು ಮನೆಯವರೂ ತಮ್ಮ ಹುಳುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಸುಣ್ಣದ ಗುಂಡಿಗೆ ಸುರಿದರು. ಮರುತಿಂಗಳು ಹಿಪ್ಪುನೇರಳೆ ಗಿಡಗಳನ್ನು ಬುಡಸಹಿತ ಕಿತ್ತರು.

"ಗುಂಡಿ ಮುಚ್ಚೋ ದಿನ ನಾನು ನಡ್ಕೊಂಡೇ ಹೋಗಿದ್ದೆ," ಎನ್ನುತ್ತಾರೆ ಒಕ್ಕಣ್ಣಕ್ಕ. "ಬೇಲಿ ಆಚೆ ನಿಂತಿದ್ದೆ. ಯಾರೂ ನೋಡಲಿಲ್ಲ. ಬಾಯಿ ತೆಗೀಬೇಕು ಅಂತಲೇ ಹೋದೋಳು, ನಾಲಿಗೆ ಏಳಲಿಲ್ಲ." ಅಂದಿನಿಂದ ಅವರು ನಿಯಮದ ಐದನ್ನು ಬಿಟ್ಟು ಒಂಬತ್ತು ಕಡೆ ನೋಡುತ್ತಾರೆ. ಉಳಿದವರಿದ್ದ ಕಾಲದಲ್ಲಿ, ಅವರು ಇನ್ನೂರು ಪಟ್ಟಿ ನೋಡುವಷ್ಟರಲ್ಲಿ ಇವರದು ನೂರಿಪ್ಪತ್ತು ಆಗುತ್ತಿತ್ತು. ಮೇಲಿನವರು ಎಷ್ಟು ಬೈದರೂ ಒಂಬತ್ತು ಎಂಟಕ್ಕಿಳಿದಿಲ್ಲ.

ಇಂದು ಗೇಟಿನ ಬಳಿಯ ಕಲ್ಲಿನ ಮೇಲೆ ಹಿರಿಯರೊಬ್ಬರು ನಸುಕಿನಿಂದಲೇ ಕುಳಿತಿದ್ದಾರೆ. ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಮರದ ಪೆಟ್ಟಿಗೆ. ಮೊಟ್ಟೆ ಹಾಳೆಗಳು ದಾರಿಯಲ್ಲಿ ಬಿಸಿಗೆ ಬಾಡದಿರಲೆಂದು ಬಟ್ಟೆಗೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಾರೆ. ಇಳಿಜಾರಿನ ಆ ಹನ್ನೊಂದು ಮನೆಗಳಲ್ಲಿ ಒಂದು ಇವರದು. ಬೇಲಿಯಲ್ಲಿ ಮರೆತು ಉಳಿದಿದ್ದ ಒಂದೇ ಗಿಡದಿಂದ ಕಡ್ಡಿ ಕತ್ತರಿಸಿ, ನೆಟ್ಟು, ಎರಡು ವರ್ಷ ಕಾದು, ಈಗ ಐವತ್ತು ಹಾಳೆ ಮೊಟ್ಟೆ ಬೇಕೆಂದು ಬಂದಿದ್ದಾರೆ. ಬಿಟ್ಟವರು ಮರಳಿ ಬಂದದ್ದು ಅಧಿಕಾರಿಯ ನೆನಪಿನಲ್ಲಿ ಇದೇ ಮೊದಲು. "ಇವರ ಬೆಳೆ ಗೆದ್ರೆ ಉಳಿದ ಹತ್ತು ಮನೆಯೂ ನೋಡುತ್ತೆ," ಎಂದು ಅವರು ಬೆಳಗಿನಿಂದ ನಾಲ್ಕು ಸಲ ಹೇಳಿದ್ದಾರೆ. ಸೋತರೆ ಏನೆಂಬುದನ್ನು ಒಂದು ಸಲವೂ ಹೇಳಿಲ್ಲ.

ಒಕ್ಕಣ್ಣಕ್ಕ ಹಿರಿಯರನ್ನು ಗೇಟಿನಲ್ಲೇ ಗುರುತಿಸಿದ್ದಾರೆ. ಒಳಗೆ ಬಂದವರೇ ಕೈಯನ್ನು ಮೂರು ಸಲ ತೊಳೆದಿದ್ದಾರೆ.

ಅವರ ಭಯಕ್ಕೆ ಇನ್ನೊಂದು ಕಾರಣವಿದೆ. ಏಳು ತಿಂಗಳ ಹಿಂದೆ ಕಣ್ಣಿನ ವೈದ್ಯರು ಬಲಗಣ್ಣಿಗೆ ಪೊರೆ ಬಂದಿದೆಯೆಂದರು. ಎಡಗಣ್ಣಿಗೂ ಇಳಿಯುತ್ತಿದೆಯೆಂದರು. ಶಸ್ತ್ರಚಿಕಿತ್ಸೆಗೆ ಹೋದರೆ ತಿಂಗಳು ರಜೆ. ನೋಡುವವರಿಲ್ಲದೆ ತಿಂಗಳು ಕಳೆದರೆ ಕೇಂದ್ರಕ್ಕೆ ಬೀಗ ಬೀಳುತ್ತದೆ, ಬಿದ್ದ ಬೀಗವನ್ನು ತೆಗೆಯುವವರಿಲ್ಲ. ಅವರು ಯಾರಿಗೂ ಹೇಳದೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡತೊಡಗಿದರು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನಡೆದಂತೆ ಏಳು ತಿಂಗಳು ನಡೆದಿದ್ದಾರೆ.

ಏಳೂವರೆಗೆ, ನಿನ್ನೆ ರಾತ್ರಿ ತತ್ತಿಯಿಟ್ಟ ತಾಯಿಗಳ ಮೊದಲ ಪಟ್ಟಿ ಬರುತ್ತದೆ.

"ನೆಂಟರು ಬಂದವ್ರಾ?"

"ಬಾಗಿಲು ಹಾಕಿದೆ."

ಒಂದು, ಎರಡು, ಹತ್ತು, ಇಪ್ಪತ್ತು. ಕುಟ್ಟಾಣಿಯ ಸದ್ದು, ಗಾಜಿಗೆ ಗಾಜು ತಾಗುವ ಸದ್ದು, ಹೊರಗೆ ಹಿರಿಯರ ಕೆಮ್ಮು. ಮೂವತ್ತೊಂದನೆಯ ಪಟ್ಟಿಯ ಆರು ಕಡೆ ನೋಡಿ ಏಳನೆಯ ಕಡೆಗೆ ಸರಿಸಿದಾಗ ಒಕ್ಕಣ್ಣಕ್ಕನ ಕೈ ನಿಲ್ಲುತ್ತದೆ. ಹಾಲಿನಂಥ ಮಬ್ಬಿನ ನಡುವೆ ಅಕ್ಕಿಕಾಳಿನ ಆಕಾರದ ಒಂದು ಹೊಳಪು. ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ.

ಅನುಮಾನ ಬಂದಾಗ ಮಾಡಬೇಕಾದ ಪರೀಕ್ಷೆಯೊಂದನ್ನು ಹಿಂದಿನ ಕೆಲಸಗಾರ್ತಿಯರು ಹೇಳಿಕೊಟ್ಟಿದ್ದಾರೆ. ಒಕ್ಕಣ್ಣಕ್ಕ ಅದನ್ನು ಪಾಠ ಒಪ್ಪಿಸುವಂತೆ ಹೇಳುತ್ತಾರೆ: "ಕಣ್ಣಿಂದಾದ್ರೆ ಕಣ್ಣಿನ ಜೊತೆ ಓಡುತ್ತೆ. ಕೊಳವೆ ಮೇಲಿನ ಧೂಳಾದ್ರೆ ಕೊಳವೆ ತಿರುಗಿಸಿದಾಗ ತಿರುಗುತ್ತೆ. ನೆಂಟ ಮಾತ್ರ ಪಟ್ಟಿ ಸರಿಸಿದ್ರೆ ಸರೀತಾನೆ, ನಿಲ್ಲಿಸಿದ್ರೆ ನಿಂತಲ್ಲೇ ನಡುಗ್ತಾನೆ." ಅವರು ಕಣ್ಣು ಹೊರಳಿಸುತ್ತಾರೆ. ಕೊಳವೆ ತಿರುಗಿಸುತ್ತಾರೆ. ಪಟ್ಟಿ ಸರಿಸಿ ನಿಲ್ಲಿಸುತ್ತಾರೆ. ಹೊಳಪು ನಡುಗುತ್ತಿದೆಯೋ, ತಮ್ಮ ಕೈಯೇ ನಡುಗುತ್ತಿದೆಯೋ ತಿಳಿಯುವುದಿಲ್ಲ.

ಒಬ್ಬ ತಾಯಿಯಲ್ಲಿ ನೆಂಟ ಕಂಡರೂ ಅವಳೊಂದಿಗೆ ಒಂದೇ ತಟ್ಟೆಯಲ್ಲಿದ್ದ ಐವತ್ತರ ಮೊಟ್ಟೆಯನ್ನೂ ಸುಡಬೇಕು. ಇಂದು ಹೊರಬಂದ ಚಿಟ್ಟೆಗಳ ಮೊಟ್ಟೆಗೆ ಬೇರೆ ಮನೆಯವರು ಮುಂಗಡ ಕೊಟ್ಟಿದ್ದಾರೆ, ಅದರ ಮುಂದಿನದು ಸಿದ್ಧವಾಗಲು ಹತ್ತು ದಿನ ಬೇಕು. ಅಷ್ಟರಲ್ಲಿ ಇಳಿಜಾರಿನ ಎಳೆಸೊಪ್ಪು ಬಲಿತು ಒರಟಾಗುತ್ತದೆ. ಎರಡು ವರ್ಷ ಕಾದವರನ್ನು ಬರಿಗೈಯಲ್ಲಿ ಕಳಿಸುವುದು ಪೊರೆ ಬಂದ ಕಣ್ಣಿನ ಮಾತು ಕೇಳಿಯೇ? ಕಂಡದ್ದನ್ನು ಕಾಣಲಿಲ್ಲವೆಂದು ದಾಟಿಸಿದರೆ, ಮತ್ತೆ ಆ ಸುಣ್ಣದ ಗುಂಡಿಯೇ? ಗೋಡೆಯ ಗಡಿಯಾರದಲ್ಲಿ ಎಂಟೂಕಾಲು. ಮೂವತ್ತೆಂಟು ವರ್ಷಗಳಲ್ಲಿ ಅವರು ತಮ್ಮ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಿದವರಲ್ಲ. ತೋರಿಸಿದರೆ ಕಣ್ಣು ಹೋಗಿದೆಯೆಂದು ಡಂಗುರ ಸಾರಿದಂತೆ.

ಕುಟ್ಟಾಣಿಯ ಸದ್ದು ನಿಂತಿದೆ. ನಾದಿನಿ ಅವರನ್ನೇ ನೋಡುತ್ತಿದ್ದಾಳೆ.

"ಇಲ್ಲಿ ಬಾ," ಎನ್ನುತ್ತಾರೆ ಒಕ್ಕಣ್ಣಕ್ಕ. "ನೀನು ನೋಡು."

"ನಾನಾ?"

"ನಿನ್ನನ್ನೇ ಕರೆದಿದ್ದು. ನನಗೆ... ನನಗೆ ಸರಿಯಾಗಿ ಕಾಣಿಸ್ತಿಲ್ಲ ಕಣೇ. ತಿಂಗಳುಗಳೇ ಆಯ್ತು."

"ಗೊತ್ತು ಅತ್ತಿಗೆ."

"ಏನು ಗೊತ್ತು?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಮೂವತ್ತೆಂಟು ವರ್ಷ ಎಡಗಣ್ಣು ಮುಚ್ಚಿದೋರು ಒಂದಿನ ಬಲಗಣ್ಣು ಮುಚ್ಚಿದ್ರಲ್ಲ, ಅವತ್ತೇ. ನೀವು ಕೈ ತೊಳೆಯೋಕೆ ಹೋದಾಗೆಲ್ಲ ನಾನು ಇಣುಕ್ತಾ ಇದ್ದೆ. ಎಲ್ಲಾ ನೋಡೋಕೆ ಆಗ್ಲಿಲ್ಲ. ನಿಮ್ಮ ಕೈ ಬೇಗ ತೊಳೆದಾಗಿಬಿಡುತ್ತೆ."

"ಕಳ್ಳಿ! ಹೇಳಬಾರದಾಗಿತ್ತಾ?"

"ನೀವು ಹೇಳಿದ್ರಾ?"

ನಾದಿನಿ ಕುಳಿತು ಕಣ್ಣಿಡುತ್ತಾಳೆ. ಪಟ್ಟಿಯನ್ನು ಮೊದಲಿನಿಂದ ಒಂದೊಂದೇ ಕಡೆ ಸರಿಸುತ್ತಾಳೆ. ನಾಲ್ಕನೆಯ ಕಡೆಯಲ್ಲಿ ನಿಲ್ಲುತ್ತಾಳೆ.

"ಅತ್ತಿಗೆ, ಬಂದಿದ್ದಾನೆ."

"ಏಳನೇದರಲ್ಲಿ ತಾನೇ?"

"ಇದು ನಾಲ್ಕನೇದು." ಮತ್ತೆ ಸರಿಸುವ ಸದ್ದು. "ಏಳರಲ್ಲೂ ಇದ್ದಾನೆ. ಇಬ್ಬರು."

ಇಬ್ಬರಲ್ಲಿ ಒಬ್ಬನನ್ನು ತಾವು ಕಾಣದೆ ದಾಟಿಬಂದದ್ದನ್ನು ಯಾರೂ ಒಕ್ಕಣ್ಣಕ್ಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಹಿಂದಿನ ಕಂತು? ಆರು ದಿನಗಳ ಹಿಂದೆ ಮೂರು ಮನೆಗಳಿಗೆ ಹೋದ ಎಂಬತ್ತು ಹಾಳೆಗಳನ್ನು ನೋಡಿ ದಾಟಿಸಿದ್ದು ಇದೇ ಕಣ್ಣು. ಅವು ಒಡೆಯಲು ಇನ್ನು ನಾಲ್ಕು ದಿನವಷ್ಟೇ ಇದೆ.

"ಸೀಸೆಗಳಿವೆ," ಎನ್ನುತ್ತಾಳೆ ನಾದಿನಿ, ಮನಸ್ಸನ್ನು ಓದಿದವಳಂತೆ. "ಎಂಬತ್ತೂ ಇವೆ. ಒಂದೂ ಚೆಲ್ಲಿಲ್ಲ. ಮೊದಲು ಇದನ್ನ ಸುಡೋಣ."

ಹಿತ್ತಲಿನ ಕಬ್ಬಿಣದ ಡ್ರಮ್ಮಿನಲ್ಲಿ ಐವತ್ತು ಹಾಳೆಗಳು ಉರಿಯುತ್ತವೆ. ತತ್ತಿಗಳು ಸಾಸಿವೆಯಂತೆ ಸಿಡಿಯುತ್ತವೆ. ಇಪ್ಪತ್ತೆರಡು ಸಾವಿರ ಚಿಲ್ಲರೆ ಜೀವಗಳೆಂದು ಒಕ್ಕಣ್ಣಕ್ಕ ಲೆಕ್ಕ ಹೇಳುತ್ತಾರೆ. ಅಧಿಕಾರಿ ಓಡಿ ಬರುತ್ತಾರೆ, ಡ್ರಮ್ಮನ್ನು ನೋಡುತ್ತಾರೆ. "ಅವರಿಗೆ ನಾನು ಹೇಳ್ತೀನಿ ಬಿಡಿ," ಎಂದಷ್ಟೇ ಹೇಳುತ್ತಾರೆ.

"ಬೇಡ ಸಾರ್. ಇದು ನಾನೇ ಹೇಳಬೇಕಾದ್ದು."

ಗೇಟಿನವರೆಗಿನ ದಾರಿ ನಲವತ್ತು ಹೆಜ್ಜೆ. ಹಿರಿಯರು ಹೊಗೆಯ ವಾಸನೆಯನ್ನು ಆಗಲೇ ಹಿಡಿದಿದ್ದಾರೆ. ಪೆಟ್ಟಿಗೆಗೆ ನೀರು ಚಿಮುಕಿಸುತ್ತಿದ್ದ ಕೈ ತಡೆದಿದೆ.

"ಅಣ್ಣ, ನಿಮ್ಮ ಮೊಟ್ಟೆ ಸುಟ್ಟುಬಿಟ್ವಿ. ಒಂದರಲ್ಲಿ ಕಂಡಿತು."

ಹಿರಿಯರ ಮುಷ್ಟಿಯಲ್ಲಿದ್ದ ನೀರು ಬೆರಳ ಸಂದಿಯಿಂದ ಇಳಿದುಹೋಗುತ್ತದೆ.

"ಇನ್ನೊಂದು ಮಾತಿದೆ." ಒಕ್ಕಣ್ಣಕ್ಕ ಮೂಗಿನ ಬಟ್ಟೆ ಬಿಚ್ಚುತ್ತಾರೆ. "ಇಪ್ಪತ್ತೆರಡು ವರ್ಷದ ಹಿಂದೆ ನಿಮ್ಮೂರಿಗೆ ಬಂತಲ್ಲ, ಆ ಪಟ್ಟಿ ನೋಡಿದೋಳು ನಾನೇ. ಮಿನುಗಿದ್ದು ಕಂಡಿತ್ತು. ಕೊಬ್ಬು ಅಂದ್ಕೊಂಡು ಬಿಟ್ಟೆ. ಹನ್ನೊಂದು ಮನೆ..."

"ಹೂಂ," ಎನ್ನುತ್ತಾರೆ ಹಿರಿಯರು. "ಅಂತೂ ಬಾಯಿ ಬಿಟ್ಟೆಯಲ್ಲ ತಂಗಿ. ಇಪ್ಪತ್ತೆರಡು ವರ್ಷ ಬೀಗ ಹಾಕ್ಕೊಂಡಿದ್ದೆ."

"ನಿಮಗೆ ಗೊತ್ತಿತ್ತಾ?"

"ಗುಂಡಿ ಮುಚ್ಚೋ ದಿನ ಬೇಲಿ ಆಚೆ ನಿಂತಿದ್ದೆ ನೀನು. ಮೂಗಿಗೆ ಈ ಬಟ್ಟೆ ಕಟ್ಟಿದ್ದೆ, ಬಿಚ್ಚೋದೂ ಮರ್ತಿದ್ದೆ. ಕೇಂದ್ರದವರು ಬೇರೆ ಯಾರೂ ಬರಲಿಲ್ಲ. ತಪ್ಪು ಮಾಡದೋಳು ಅಷ್ಟು ದೂರ ನಡ್ಕೊಂಡು ಬರ್ತಾಳಾ?" ಅವರು ಪೆಟ್ಟಿಗೆಯನ್ನು ನೆಲಕ್ಕಿಳಿಸುತ್ತಾರೆ. "ಅವತ್ತು ನನ್ನ ಕೈಗೆ ಸಿಕ್ಕಿದ್ರೆ ಅದೇ ಗುಂಡಿಗೆ ನೂಕಿಬಿಡ್ತಿದ್ದೆ. ಸುಳ್ಳು ಹೇಳಲ್ಲ. ನಮ್ಮವಳು ಮೂರು ದಿನ ಖಾಲಿ ತಟ್ಟೆ ಮುಂದೆ ಕೂತಿದ್ಲು."

"ಮತ್ತೆ ಇಲ್ಲಿಗೇ ಯಾಕೆ ಬಂದ್ರಿ ಅಣ್ಣ? ದೊಡ್ಡ ಪಟ್ಟಣದಲ್ಲಿ ಮೊಟ್ಟೆ ಸಿಗುತ್ತಲ್ಲ?"

"ಅಲ್ಲಿ ಯಂತ್ರ ಐತಂತೆ, ನೋಡೋ ಹುಡುಗರು ಒಳ್ಳೇ ಚುರುಕಂತೆ. ಅವರ ಕೈಲಿ ಯಾರ ಹುಳವೂ ಸತ್ತಿಲ್ಲ. ನೀನು ಈಗ್ಲೂ ಇಲ್ಲೇ ನೋಡ್ತಾ ಇದ್ದೀಯ ಅಂತ ಕೇಳಿದೆ. ಒಂದು ಸಲ ಸುಟ್ಟುಕೊಂಡ ಕಣ್ಣು ಹೆದರುತ್ತೆ ತಂಗಿ. ನನಗೆ ಹೆದರೋ ಕಣ್ಣೇ ಬೇಕಾಗಿತ್ತು."

ಒಕ್ಕಣ್ಣಕ್ಕ ನೆಲ ನೋಡುತ್ತಾರೆ. "ಆ ಕಣ್ಣಿಗೂ ಪೊರೆ ಬಂತು ಅಣ್ಣ. ಇವತ್ತು ಎರಡಿದ್ವು, ನನಗೆ ಕಂಡಿದ್ದು ಒಂದು. ಇನ್ನೊಂದು ನನ್ನ ನಾದಿನಿಗೆ ಕಂಡಿದ್ದು."

"ಒಂದು ಕಂಡ್ರೂ ಸುಟ್ಟೆಯೋ ಇಲ್ಲವೋ?" ಹಿರಿಯರು ಮೊಣಕಾಲಿನ ಮೇಲೆ ಕೈಯೂರಿ ಏಳುತ್ತಾರೆ. "ಸೊಪ್ಪಿನ ತಲೆ ಕತ್ತರಿಸಿ ಬಿಡ್ತೀನಿ. ಇನ್ನೊಂದು ಸಲ ಚಿಗುರಲಿ. ತಿಂಗಳ ಮೇಲೆ ಬರ್ತೀನಿ. ಅಷ್ಟರಲ್ಲಿ ಅದ್ಯಾರೋ ನಾದಿನಿ ಅಂದೆಯಲ್ಲ, ಅವಳಿಗೂ ಹೆದರೋದು ಕಲಿಸು."

ಅವರು ಖಾಲಿ ಪೆಟ್ಟಿಗೆಯನ್ನು ಕಂಕುಳಿಗಿಟ್ಟುಕೊಂಡು ಹೋಗುತ್ತಾರೆ. ಬರುತ್ತಾರೋ ಇಲ್ಲವೋ ಹೇಳಲಾಗದು. ಇಂಥ ಮಾತು ಹೇಳಿ ಹೋದವರೆಲ್ಲ ಮರಳಿದ್ದರೆ ನಕ್ಷೆಯ ನೀಲಿ ಗೆರೆ ಅಲ್ಲಿಗೆ ಇಳಿಯುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ ಎರಡು ಕುರ್ಚಿಗಳು ಅಂಟಿಕೊಂಡು ಕುಳಿತಿವೆ. ಸೂಕ್ಷ್ಮದರ್ಶಕದ ಮುಂದೆ ನಾದಿನಿ, ಪಕ್ಕದಲ್ಲಿ ಒಕ್ಕಣ್ಣಕ್ಕ. ಮೂರು ಮನೆಗಳಿಗೂ ಹಾಳೆ ಬಿಚ್ಚಬೇಡಿ ಎಂದು ಅಧಿಕಾರಿ ಹೇಳಿಕಳಿಸಿದ್ದಾರೆ. ಎಂಬತ್ತು ಸೀಸೆಗಳಲ್ಲಿ ಒಂದೊಂದರಿಂದಲೂ ಹನಿ ತೆಗೆದು, ಒಂದೊಂದು ಪಟ್ಟಿಯನ್ನೂ ಒಂಬತ್ತು ಕಡೆ ನೋಡಬೇಕು. ಹನಿ ಹಾಕುವುದು ಈಗ ಒಕ್ಕಣ್ಣಕ್ಕನ ಪಾಲಿನ ಕೆಲಸ. ಕ್ಷಾರದಿಂದ ಬಿರಿದ ಅವರ ಬೆರಳುಗಳು ಪಟ್ಟಿಯ ಅಂಚನ್ನು ಕಣ್ಣಿಲ್ಲದೆಯೇ ಹಿಡಿಯುತ್ತವೆ. ಬರುವ ವಾರ ಶಸ್ತ್ರಚಿಕಿತ್ಸೆಗೆ ಹೋಗುವುದೆಂದು ತೀರ್ಮಾನವಾಗಿದೆ. ತೀರ್ಮಾನಿಸಿದವಳು ನಾದಿನಿ.

"ಅವಸರ ಮಾಡಬೇಡ," ಎನ್ನುತ್ತಾರೆ ಒಕ್ಕಣ್ಣಕ್ಕ.

"ಮದುವೆಯಾಗಿ ಬಂದಾಗಿಂದ ಇದೊಂದೇ ಮಾತು ನಿಮ್ಮದು."

"ಮಾತು ಒಂದೇ ಇರಲಿ, ಕಡೆ ಒಂಬತ್ತಿರಲಿ."

ಇಷ್ಟು ವರ್ಷ ದುಡಿದ ಮೇಲೆ ಬೇಕೆನಿಸುವುದೇನು ಎಂದು ಕೇಳಿದರೆ ಒಕ್ಕಣ್ಣಕ್ಕ ಸೀಸೆಯ ಬಿರಡೆ ಮುಚ್ಚುತ್ತಾರೆ. "ದೊಡ್ಡದೇನಿಲ್ಲ. ಒಂದು ದಿನ ಎರಡೂ ಕಣ್ಣು ಮುಚ್ಚಿ ನಿದ್ದೆ ಮಾಡಬೇಕು. ಮಲಗಿದ್ರೂ 'ನೋಡಿದ್ದೆನಾ, ಬಿಟ್ಟೆನಾ' ಅಂತ ಒಂದು ಕಣ್ಣು ತೆರೆದೇ ಇರುತ್ತೆ. ಅದು ಮುಚ್ಚಿದ್ರೆ ಸಾಕು."

ಎಪ್ಪತ್ತೆಂಟು ಸೀಸೆಗಳು ಮುಗಿದಿವೆ. ಎಲ್ಲವೂ ಶುದ್ಧ. ಎಪ್ಪತ್ತೊಂಬತ್ತನೆಯ ಪಟ್ಟಿಯ ಎಂಟನೆಯ ಕಡೆಯಲ್ಲಿ ನಾದಿನಿಯ ಕೈ ತಟ್ಟನೆ ನಿಲ್ಲುತ್ತದೆ. ನಾದಿನಿ ಪಟ್ಟಿ ಸರಿಸುತ್ತಾಳೆ, ನಿಲ್ಲಿಸುತ್ತಾಳೆ. ಕೊಳವೆಯನ್ನು ತಿರುಗಿಸುತ್ತಾಳೆ. ಕೊನೆಗೆ ಕಣ್ಣನ್ನು ಎಡಕ್ಕೆ ಹೊರಳಿಸುತ್ತಾಳೆ, ಬಲಕ್ಕೆ ಹೊರಳಿಸುತ್ತಾಳೆ.

"ಓಡ್ತು," ಎನ್ನುತ್ತಾಳೆ, ಉಸಿರು ಬಿಟ್ಟು. "ನನ್ನ ಕಣ್ಣಿಂದೇ."

"ಹೆದರಿದ್ಯಾ?"

"ಪ್ರಾಣವೇ ಹೋಯ್ತು ಅತ್ತಿಗೆ. ನೋಡಿ, ಕೈ ಹೆಂಗೆ ತಣ್ಣಗಾಗಿದೆ."

ಒಕ್ಕಣ್ಣಕ್ಕ ಆ ಕೈ ಮುಟ್ಟಿ ನೋಡುತ್ತಾರೆ. ಹೌದು, ತಣ್ಣಗಿದೆ. ಬೆಳಗಿನಿಂದ ಮೊದಲ ಸಲ ಅವರ ಮುಖದಲ್ಲಿ ನಗೆಯಂಥದ್ದೊಂದು ಸುಳಿಯುತ್ತದೆ.

"ಹಾಗಾದ್ರೆ ಸರಿ. ಈ ಕುರ್ಚಿ ಇನ್ನು ನಿಂದೇ. ಒಂಬತ್ತನೇ ಕಡೆ ಬಾಕಿ ಇದೆ, ನೋಡು."